ಕೊಬ್ಬು ಮುಟ್ಟದ ಚಳಿಗಾಲ

ಶರೋಲ್ತಾಳ ಕೈಗಳಿಗೆ ಯಾವ ವಾಸನೆಯೂ ಇರಲಿಲ್ಲ. ಕೆಚ್ಕೆಮೇತ್ ಊರಿನಲ್ಲಿ ಹೆಂಗಸರ ಕೈ ಎಂದರೆ ಈರುಳ್ಳಿ, ಕೆಂಪು ಮೆಣಸಿನ ಪುಡಿ, ಹಂದಿಕೊಬ್ಬು. ಬೇಸಗೆಯಾದರೆ ಬೇಯುವ ಏಪ್ರಿಕಾಟ್ ಹಣ್ಣು. ಶರೋಲ್ತಾಳ ಕೈ ಹಿಡಿದುಕೊಂಡವರಿಗೆ ಮಾತ್ರ ಆಗತಾನೇ ತೊಳೆದಿಟ್ಟ ಗಾಜಿನ ಲೋಟ ಹಿಡಿದ ಹಾಗೆ ಅನ್ನಿಸುತ್ತಿತ್ತು. ಅವಳು ಅಕ್ಕಸಾಲಿ. ಬೆಳ್ಳಿ ಬಂಗಾರದ ಮೇಲೆ ಹೊಸೆದ ತಂತಿಯಿಂದ ಹೂಬಳ್ಳಿ ಕಟ್ಟಿ, ಆ ತಂತಿಯ ಮನೆಗಳಲ್ಲಿ ಬಣ್ಣದ ಗಾಜಿನ ಪುಡಿ ತುಂಬಿ, ಕುಲುಮೆಯಲ್ಲಿ ಕರಗಿಸುವ ಎನಾಮೆಲ್ ಕೆಲಸ ಅವಳದು.

ಅವಳ ಕೆಲಸದ ಕಾಲ ದೀರ್ಘವಾದದ್ದು. ಯುದ್ಧಕ್ಕೆ ಮುಂಚೆ ಮದುವೆಯ ಮೇಲಂಗಿಗಳಿಗೆ ಕೊಕ್ಕೆ, ಮದುಮಗಳ ಸೊಂಟಪಟ್ಟಿ, ಚರ್ಚಿನ ಪೂಜೆಯ ಬಟ್ಟಲು ಮಾಡಿದಳು. ಯುದ್ಧವಾದ ಮೇಲೆ ಬಂಗಾರವೆಲ್ಲ ಸರ್ಕಾರದ ಪಾಲಾಗಿ, ಅಂಗಡಿಗಳಿಗೆ ಬೀಗ ಬಿದ್ದಾಗ, ಸಹಕಾರಿ ಕಾರ್ಖಾನೆಯ ಬೆಂಚಿನಲ್ಲಿ ಕೂತು ತಾಮ್ರದ ಬಿಲ್ಲೆಗಳಿಗೆ ಬಣ್ಣ ತುಂಬಿದಳು. ಟ್ರ್ಯಾಕ್ಟರ್ ಚಾಲಕರ ಎದೆಗೆ ಚುಚ್ಚುವ ಆ ಬಿಲ್ಲೆಯ ಕೆಂಪನ್ನೂ ಮದುಮಗಳ ಸೊಂಟಪಟ್ಟಿಯ ಕೆಂಪಿನಷ್ಟೇ ಸಾರಿ ತೊಳೆದು, ಅಷ್ಟೇ ಸಾರಿ ಅರೆದಳು. "ಇಷ್ಟೆಲ್ಲ ಯಾಕಮ್ಮಾ, ಎಣ್ಣೆ ಮೆತ್ತಿದ ಅಂಗಿ ಮೇಲೆ ತಾನೇ ಇರೋದು" ಎಂದು ಮೇಸ್ತ್ರಿ ಕೇಳಿದರೆ, "ಅಂಗಿ ಒಗೆಯೋಳು ನೋಡ್ತಾಳಲ್ಲ" ಎನ್ನುತ್ತಿದ್ದಳಂತೆ.

ಆದರೆ ಊರಿನವರು ಅವಳನ್ನು ಅಕ್ಕಸಾಲಿ ಶರೋಲ್ತಾ ಎಂದು ಕರೆಯತೊಡಗಿದ್ದು ಯುದ್ಧಕ್ಕೆ ಮುಂಚಿನ ಒಂದು ಚಳಿಗಾಲದಿಂದ ಈಚೆಗೆ. ಅದಕ್ಕೂ ಮುಂಚೆ ಅವಳು ಅಕ್ಕಸಾಲಿ ವಾರ್ಕೊನಿ ಬೆರ್ತಲನ್‌ನ ಹೆಂಡತಿ, ಅಷ್ಟೆ.

ಕೆಲಸ ಕಲಿತದ್ದು ಅಪ್ಪನಿಂದ. ಆತ ರಾಜಧಾನಿಯ ದೊಡ್ಡ ಕಾರ್ಯಾಗಾರವೊಂದರಲ್ಲಿ ಎನಾಮೆಲ್ ಕೆಲಸಗಾರ. ಗಂಡುಮಕ್ಕಳಿರಲಿಲ್ಲ. ಇದ್ದಿದ್ದರೆ ಇವಳ ಪಾಲಿಗೆ ಬರುತ್ತಿದ್ದದ್ದು ತೊಟ್ಟಿಲು ತೂಗುವ ಕೆಲಸವೇ. ಇಲ್ಲದ್ದರಿಂದ ಕಲ್ಲಿನ ಒರಳು ಕೈಗೆ ಬಂತು. ಗಾಜನ್ನು ಮಳೆನೀರಿನಲ್ಲಿ ಅರೆಯುವುದು, ಮೇಲೆ ತೇಲುವ ಹಾಲಿನಂಥ ನೀರನ್ನು ಚೆಲ್ಲುತ್ತ ಚೆಲ್ಲುತ್ತ ತಿಳಿಯಾಗುವ ತನಕ ತೊಳೆಯುವುದು, ಒದ್ದೆ ಪುಡಿಯನ್ನು ಬಾತುಗರಿಯ ತುದಿಯಿಂದ ತಂತಿಯ ಮನೆಗಳಲ್ಲಿ ಕೂರಿಸುವುದು, ನಾರುಬಟ್ಟೆಯ ಅಂಚು ತಾಗಿಸಿ ನೀರು ಹೀರುವುದು, ಆಮೇಲೆ ಬೆಂಕಿ. ಬೆಂಕಿಯಲ್ಲಿ ಎಷ್ಟು ಹೊತ್ತು ಎಂಬುದಕ್ಕೆ ಅಪ್ಪ ಹೇಳಿಕೊಟ್ಟ ಅಳತೆ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಪ್ರಾರ್ಥನೆ. ನಿಧಾನವಾಗಿ ಹೇಳಿ ಆಮೆನ್ ಅನ್ನುವ ಹೊತ್ತಿಗೆ ಗಾಜು ಕರಗಿ ಹೊಳೆಯುತ್ತದೆ.

ಮದುವೆಯಾದ ಬೆರ್ತಲನ್ ಒಳ್ಳೆಯ ಅಕ್ಕಸಾಲಿ, ಒಳ್ಳೆಯ ಮನುಷ್ಯ ಕೂಡ. ತಂತಿ ಎಳೆಯುವುದರಲ್ಲಿ, ಬೆಸುಗೆಯಲ್ಲಿ ಅವನ ಕೈ ಪಳಗಿದ್ದು. ಗಾಜಿನ ಮುಂದೆ ಮಾತ್ರ ಅವನಿಗೆ ತಾಳ್ಮೆಯಿರಲಿಲ್ಲ. ಹೀಗಾಗಿ ತಂತಿ ಅವನದು, ಬಣ್ಣ ಅವಳದು ಎಂದಾಯಿತು. ಒಲೆ, ಒಗೆತ, ಇಬ್ಬರು ಮಕ್ಕಳು ಯಾರದು ಎಂದು ಯಾರೂ ಕೇಳಲಿಲ್ಲ. ಅಡುಗೆಮನೆಗೂ ಕಾರ್ಯಾಗಾರಕ್ಕೂ ನಡುವೆ ಒಂದೇ ಬಾಗಿಲು. ಶರೋಲ್ತಾ ಸಾರು ಕಲಕಿ ಬಂದು ಗಾಜು ಅರೆಯುತ್ತಿದ್ದಳು, ಗಾಜು ಅರೆದು ಹೋಗಿ ಮಗುವಿನ ಮೂಗು ಒರೆಸುತ್ತಿದ್ದಳು. ಪ್ರತಿ ಸಾರಿ ಒಲೆಯ ಬೂದಿಯಲ್ಲಿ ಕೈ ಉಜ್ಜಿ ಮಳೆನೀರಿನಲ್ಲಿ ತೊಳೆಯಬೇಕು. ಯಾಕೆಂದರೆ ಎನಾಮೆಲ್‌ಗೆ ಕೊಬ್ಬು ಕಂಡರಾಗದು. ಕೂದಲೆಳೆಯಷ್ಟು ಜಿಡ್ಡು ತಾಗಿದರೂ ಬೆಂಕಿಯಲ್ಲಿ ಗಾಜು ಅಲ್ಲಿಂದ ಸರಿದುಬಿಡುತ್ತದೆ, ಸಿಡುಬಿನ ಕಲೆಯಂಥ ಗುಳಿ ಬೀಳುತ್ತದೆ. ಚಳಿಗಾಲದಲ್ಲಿ ಮಾಡಿದ ಒಡವೆಗಳಲ್ಲಿ ಇಂಥ ಗುಳಿಗಳು ಜಾಸ್ತಿ. "ಚಳಿಗಾಳಿ, ಕುಲುಮೆಗೆ ಒಗ್ಗಲ್ಲ" ಎಂದು ಬೆರ್ತಲನ್ ಗಿರಾಕಿಗಳಿಗೆ ಹೇಳುತ್ತಿದ್ದ. ಅದು ಗಾಳಿಯಲ್ಲ ಎಂದು ಶರೋಲ್ತಾಗೆ ಗೊತ್ತಿತ್ತು. ಹಂದಿ ಕಡಿಯುವ ಕಾಲ ಅದು. ಬೆರಳಿನ ಬಿರುಕುಗಳಲ್ಲಿ ಹೋಗಿ ಕೂತ ಕೊಬ್ಬು ಯಾವ ಬೂದಿಗೂ ಬಗ್ಗುತ್ತಿರಲಿಲ್ಲ.

ಒಂದು ಶರತ್ಕಾಲದ ಮಧ್ಯಾಹ್ನ ದೊಡ್ಡ ತೋಟದ ಒಡತಿಯೊಬ್ಬಳು ತನ್ನ ಮೇಲಂಗಿಯ ಕೊಕ್ಕೆ ಒಯ್ಯಲು ಅಂಗಡಿಗೆ ಬಂದಳು. ಪರದೆಯ ಹಿಂದೆ ಶರೋಲ್ತಾ ಎಲೆಕೋಸಿನ ಎಲೆಗೆ ಮಾಂಸದ ಹೂರಣ ಇಟ್ಟು ಸುತ್ತುತ್ತಿದ್ದಳು.

"ಅಬ್ಬಾ, ಎಂಥಾ ನೀಲಿ! ಇದು ಯಾರ ಕೈಕೆಲಸ ವಾರ್ಕೊನಿಯವರೇ?"

"ನಮ್ಮ ಅಂಗಡೀದೇ ಅಮ್ಮಾವ್ರೇ. ನೋಡಿ, ಹಿಂದೆ ನನ್ನ ಮುದ್ರೆ ಇದೆ."

ಅವನು ಸುಳ್ಳು ಹೇಳಿರಲಿಲ್ಲ. ಪರೀಕ್ಷೆ ಗೆದ್ದು ಒಡೆಯನೆನಿಸಿಕೊಂಡ ಅಕ್ಕಸಾಲಿಗೆ ಮಾತ್ರ ಮುದ್ರೆಯ ಹಕ್ಕು. ಅದಿಲ್ಲದವರ ಕೆಲಸ ಅದಿರುವವರ ಹೆಸರಿನಲ್ಲಿ ಹೋಗುತ್ತದೆ. ಶರೋಲ್ತಾ ಉಳಿದ ಎಲೆಗಳನ್ನೂ ಸುತ್ತಿದಳು, ಪಾತ್ರೆಯಲ್ಲಿ ಒತ್ತಾಗಿ ಜೋಡಿಸಿದಳು, ಒಲೆಗಿಟ್ಟಳು. ಊಟಕ್ಕೆ ಬಡಿಸುತ್ತ ಹೇಳಿದಳು: "ನಾನು ಒಡೆತನದ ಪರೀಕ್ಷೆಗೆ ಕೂರ್ತೀನಿ."

ಬೆರ್ತಲನ್ ಚಮಚ ಕೆಳಗಿಟ್ಟ. "ಯಾಕೆ? ನಮ್ಮ ಮುದ್ರೆ ಇದೆಯಲ್ಲ ಶಾರಿ."

"ನಮ್ಮದಲ್ಲ. ನಿನ್ನದು."

"ಅವರೆಲ್ಲ ನಗ್ತಾರೆ ಕಣೇ."

"ನಗಲಿ ಬಿಡು. ಕುಲುಮೆ ನಗಲ್ಲ."

ಮೇಜಿನ ಇನ್ನೊಂದು ತುದಿಯಲ್ಲಿ ಕೂತಿದ್ದ ಅತ್ತೆ ರೊಜಾಲಿಯಾ ಏನೂ ಮಾತಾಡಲಿಲ್ಲ. ಅವಳು ಮಾತಾಡದಿದ್ದರೆ ಮಳೆಗೆ ಮುಂಚಿನ ಗಾಳಿ ನಿಂತ ಹಾಗೆ.

ಕಸುಬುದಾರರ ಸಂಘದವರು ಅರ್ಜಿ ತೆಗೆದುಕೊಂಡರು. ಮದ್ಯದಂಗಡಿಯಲ್ಲಿ ಕೂತು ನಕ್ಕೂ ನಕ್ಕರು. ಪರೀಕ್ಷೆಯ ದಿನ ಗೊತ್ತಾಯಿತು. ನೋಡಿದರೆ ಅದು ವಾರ್ಕೊನಿ ಮನೆಯ ಹಂದಿ ಕಡಿಯುವ ದಿನದ ಮಾರನೆಯ ವಾರ. ಶರೋಲ್ತಾ ಅಡುಗೆಮನೆಯಲ್ಲಿ ನಿಂತು, ಪರೀಕ್ಷೆ ಮುಗಿಯುವ ತನಕ ತಾನು ಕೊಬ್ಬು ಮುಟ್ಟುವುದಿಲ್ಲ ಎಂದು ತಿಳಿಸಿದಳು. ಕಾಯಿಸುವುದಿಲ್ಲ, ಕರುಳು ತೊಳೆಯುವುದಿಲ್ಲ, ಸಾಸೇಜು ತುಂಬುವುದಿಲ್ಲ.

ಆಗ ಮಳೆ ಬಂತು.

"ಕೈಗೆ ಕೊಬ್ಬು ತಾಗಬಾರದಂತೆ! ಮೈಯೆಲ್ಲ ಕೊಬ್ಬು!" ಎಂದಳು ರೊಜಾಲಿಯಾ. "ನನ್ನ ಕೈ ನೋಡೇ ಇಲ್ಲಿ. ಈ ಕೈ ಹಂದಿ ಮುಟ್ಟಿದ್ದಕ್ಕೇ ನಿನ್ನ ಗಂಡ ಇಷ್ಟೆತ್ತರ ಬೆಳೆದಿದ್ದು. ಮೇಡಂನೋರು ವರ್ಷವೆಲ್ಲ ಏನು ತಿಂತೀರಿ? ನೀಲಿ ಗಾಜಾ?"

"ಒಂದು ಚಳಿಗಾಲ ಅತ್ತೆ. ಒಂದೇ."

"ಚಳಿಗಾಲ ಒಂದೇ, ಹಂದೀನೂ ಒಂದೇ! ಮನೆಯೋಳು ಕರುಳು ತೊಳೆಯಲ್ಲ ಅಂದ್ರೆ ಬೀದಿಯೋರು ಬಂದು ತೊಳೀತಾರಾ?"

 ಅಂದಿನಿಂದ ಒಣ ಬ್ರೆಡ್ಡು, ಸೇಬು, ಬೇಯಿಸಿದ ಬೀನ್ಸು ಶರೋಲ್ತಾಳ ಊಟವಾಯಿತು. ಅದನ್ನೂ ಫೋರ್ಕಿನಿಂದಲೇ ತಿಂದಳು. ಮಗಳ ಜಡೆ ಹೆಣೆಯುವುದನ್ನೂ ಬಿಟ್ಟಳು, ತಲೆಗೂದಲಿನಲ್ಲೂ ಜಿಡ್ಡಿದೆ ಎಂದು. ಆ ಕೆಲಸವನ್ನು ಬೆರ್ತಲನ್ ವಹಿಸಿಕೊಂಡ. ತಂತಿ ಹೊಸೆಯುವ ಕೈಗೆ ಜಡೆ ಯಾವ ಲೆಕ್ಕ? ಮಗಳು ಬೆಳ್ಳಿಸರದಂಥ ಜಡೆ ಹಾಕಿಕೊಂಡು ಶಾಲೆಗೆ ಹೋಗತೊಡಗಿದಳು. ಇಷ್ಟು ವರ್ಷ ಅವನಿಗೆ ಅದು ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

ಹಂದಿ ಕಡಿಯುವ ದಿನ ಬೆಳಕು ಹರಿಯುವಾಗಲೇ ಕಸಾಯಿ ಮಾರ್ತೊನ್ ಬಂದ. ಏಪ್ರಿಕಾಟ್ ಸಾರಾಯಿ ಒಂದು ಸುತ್ತು ಆಯಿತು. ಅಂಗಳದಲ್ಲಿ ಹುಲ್ಲಿನ ಬೆಂಕಿ, ಹೊಗೆ, ನೆರೆಯ ಹೆಂಗಸರ ಗದ್ದಲ. ಶರೋಲ್ತಾ ಕಾರ್ಯಾಗಾರದ ಬಾಗಿಲು ಹಾಕಿಕೊಂಡು, ಸಂದಿಗೆ ಒದ್ದೆ ಬಟ್ಟೆ ತುರುಕಿ ಒಳಗೆ ಕೂತಿದ್ದಳು. ಹೊರಗಿನ ಮಾತು ಮಾತ್ರ ಸಂದಿಯಿಲ್ಲದೆಯೂ ಬರುತ್ತಿತ್ತು.

"ಸೊಸೆ ಎಲ್ಲಿ ರೊಜಾಲಿಯಾ? ಹುಷಾರಿಲ್ವಾ?"

"ಹುಷಾರಾಗೇ ಇದ್ದಾಳೆ. ಅದೇ ರೋಗ."

ಆಮೇಲೆ ಕರುಳಿನ ತೊಟ್ಟಿಯ ಮುಂದೆ ಯಾರು ಕೂರುವುದು ಎಂಬ ಪ್ರಶ್ನೆ ಬಂತು. ನೆರೆಯವಳು ತೋಳು ಮಡಚಲು ಹೊರಟಾಗ ರೊಜಾಲಿಯಾ ತಡೆದಳು. ಅವಳಿಗೆ ಸೊಸೆಯ ಮೇಲೆ ಎಷ್ಟು ಸಿಟ್ಟಿತ್ತೋ ಮನೆಯ ಕೆಲಸ ಹೊರಗಿನವರ ಕೈಯಲ್ಲಿ ಮಾಡಿಸುವುದರ ಬಗ್ಗೆ ಅಷ್ಟೇ ನಾಚಿಕೆಯಿತ್ತು. "ಬೆರ್ತಿ, ಬಾರೋ ಇಲ್ಲಿ!" ಎಂದು ಕೂಗಿದಳು. "ಹೆಂಡ್ತಿನ ಪರೀಕ್ಷೆಗೆ ಕೂರೋಕೆ ಬಿಟ್ಟೋನು ನೀನು. ಕೂರು ನೀನೂ."

ಊರಿನ ಅಕ್ಕಸಾಲಿ ತಣ್ಣೀರಿನಲ್ಲಿ ಮೊಣಕೈ ತನಕ ಕೈಯಿಳಿಸಿ ಕರುಳು ತೊಳೆದ. ಮಾರ್ತೊನ್ ಚಾಕು ಮಸೆಯುತ್ತ, "ಸರಿಯಾಗಿ ಉಜ್ಜಪ್ಪಾ. ಸಾಸೇಜಿಗೂ ನಿನ್ನ ಮುದ್ರೆ ಹೊಡೀತೀಯಾ ಹೇಗೆ?" ಎಂದ. ಅಂಗಳವೆಲ್ಲ ನಕ್ಕಿತು. ಒಳಗೆ ಶರೋಲ್ತಾಗೂ ನಗು ಬಂತು. ಗರಿ ಅಲ್ಲಾಡಬಾರದೆಂದು ತುಟಿ ಕಚ್ಚಿಕೊಂಡಳು.

ಪರೀಕ್ಷೆ ನಡೆದದ್ದು ಹಿರಿಯ ಅಕ್ಕಸಾಲಿ ಹಾವಶಿಯ ಕಾರ್ಯಾಗಾರದಲ್ಲಿ. ತಂತಿ ಬೆಸೆದ ಬೆಳ್ಳಿಯ ಕೊಕ್ಕೆಯನ್ನು ಅವಳು ಹಿಂದಿನ ದಿನವೇ ಅಲ್ಲಿ ಮುಗಿಸಿಯಾಗಿತ್ತು. ಬಿಳಿ ದಾಳಿಂಬೆ, ಹಸಿರು ಎಲೆ, ಸುತ್ತ ನೀಲಿ. ಆ ದಿನ ಬಣ್ಣ ತುಂಬಿ ಬೆಂಕಿಗಿಡಬೇಕು. ನೋಡಲು ಹಾವಶಿಯ ಜೊತೆಗೆ ಇನ್ನಿಬ್ಬರು ಕೂತಿದ್ದರು. ಅವರಲ್ಲಿ ಕಿರಿಯ, ಗಡಿಯಾರದಂಗಡಿಯ ಕೆರೆಶ್, ಗಟ್ಟಿ ಗಂಜಿಯ ಕಾಲರು ಹಾಕಿಕೊಂಡು ಬಂದಿದ್ದ.

ಶರೋಲ್ತಾ ಪೆಟ್ಟಿಗೆ ತೆರೆದಳು. ನೀರು ಹೀರುವ ನಾರುಬಟ್ಟೆಯ ತುಂಡುಗಳು ಮೇಲೆಯೇ ಇದ್ದವು. ಬೆಳ್ಳಗೆ ಇದ್ದವು. ನಾಲ್ಕು ಮೂಲೆ ಕೂಡಿಸಿ ಮಡಚಿ ಇಸ್ತ್ರಿ ಮಾಡಿತ್ತು. ಅವಳ ಬಟ್ಟೆಗಳು ಯಾವಾಗಲೂ ಬೂದಿಬಣ್ಣದ ಚಿಂದಿ. ಮಳೆನೀರಿನಲ್ಲಿ ಕುದಿಸಿದ್ದು ಬಿಟ್ಟರೆ ಬೇರೇನನ್ನೂ ಕಂಡವಲ್ಲ. ಬಟ್ಟೆ ಎತ್ತಿದಾಗ ಸಣ್ಣಗೆ ಒಂದು ಪರಿಮಳವೂ ಮೂಗಿಗೆ ಬಂತು. ಆಗಲೇ ಅವಳು ಕೈ ನಿಲ್ಲಿಸಬೇಕಿತ್ತು. ಮೂವರು ಗಂಡಸರು ಎದುರಿಗೆ ಕೂತು ನೋಡುತ್ತಿರುವಾಗ, ಸ್ವಲ್ಪ ತಾಳಿ, ನಮ್ಮತ್ತೆ ನನ್ನ ಬಟ್ಟೆ ಒಗೆದಿದ್ದಾರೆ ಎಂದು ಹೇಳುವುದು ಹೇಗೆ? ಮನೆಯ ವಿಷಯವನ್ನು ಬಾಗಿಲಾಚೆಗೇ ಬಿಟ್ಟು ಬರಬೇಕೆಂದಲ್ಲವೇ ಇಷ್ಟು ಪಾಡುಪಟ್ಟದ್ದು? ಬರೀ ಇಸ್ತ್ರಿ ಇರಬಹುದು ಎಂದು ಸಮಾಧಾನ ಹೇಳಿಕೊಂಡು ಕೆಲಸಕ್ಕೆ ತೊಡಗಿದಳು. ಒಂದೊಂದೇ ಮನೆ ತುಂಬಿದಳು. ಒಂದೊಂದಕ್ಕೂ ಆ ಬಿಳಿ ಬಟ್ಟೆಯ ಅಂಚು ತಾಗಿಸಿದಳು.

ಬೆಂಕಿಯಿಂದ ಹೊರಬಂದ ಕೊಕ್ಕೆ ಆರುತ್ತಿದ್ದ ಹಾಗೆ ನೀಲಿಯಲ್ಲಿ ಗುಳಿಗಳು ಕಂಡವು. ಒಂದಲ್ಲ, ದಾಳಿಂಬೆಯ ಸುತ್ತ ಸಾಲಾಗಿ.

 ಆಮೇಲೆ ಕೆರೆಶ್ ಕುರ್ಚಿಗೊರಗಿ, "ಅಡುಗೆಮನೆ ಕೈ. ನಾನು ಮೊದಲೇ ಹೇಳಿದ್ದೆ" ಎಂದ.

ಸರಿಯಾಗಿ ಅದೇ ಹೊತ್ತಿಗೆ ರೊಜಾಲಿಯಾ ಮಧ್ಯಾಹ್ನದ ಊಟದ ಬುಟ್ಟಿ ಹಿಡಿದು ಬಾಗಿಲಲ್ಲಿ ಬಂದು ನಿಂತಳು. ಸೊಸೆಯ ಮುಖ ನೋಡಿದಳು. "ಏನಾಯ್ತು?"

"ಜಿಡ್ಡು ತಾಗಿದೆಯಮ್ಮಾ" ಎಂದ ಹಾವಶಿ. ಆತ ವಯಸ್ಸಾದವನು, ಇನ್ನೊಬ್ಬರು ಸೋಲುವುದರಲ್ಲಿ ಅವನಿಗೆ ಸುಖವಿರಲಿಲ್ಲ. ಶರೋಲ್ತಾಳ ಕಡೆ ತಿರುಗಿ, "ದೋಷ ಎಲ್ಲಿಂದ ಬಂತು ಅಂತ ಹೇಳಿದವರಿಗೆ ಇನ್ನೊಂದು ಬೆಂಕಿ ಕೊಡೋದು ನಮ್ಮಲ್ಲಿ ಹಳೇ ಪದ್ಧತಿ. ಹೇಳ್ತೀಯಾ?" ಎಂದ.

ಹೇಳುವುದಕ್ಕೆ ಒಂದೇ ಮಾತು ಸಾಕಿತ್ತು. ಆದರೆ ಅತ್ತೆ ಬಾಗಿಲಲ್ಲಿ ನಿಂತಿದ್ದಳು, ಹಬ್ಬದ ದಿನದ ತಲೆವಸ್ತ್ರ ಕಟ್ಟಿಕೊಂಡು, ಬುಟ್ಟಿಯ ಮೇಲೆ ಕಸೂತಿಯ ಬಟ್ಟೆ ಮುಚ್ಚಿಕೊಂಡು. ಶರೋಲ್ತಾ ಬೆರಳ ನಡುವಿನ ಬಿಳಿ ತುಂಡನ್ನೇ ನೋಡುತ್ತ ನಿಂತಳು. ಅವಳ ನೋಟ ಹಿಡಿದು ರೊಜಾಲಿಯಾಳ ನೋಟವೂ ಅಲ್ಲಿಗೆ ಹೋಯಿತು.

"ಆ ಬಟ್ಟೆ ನಾನು ಒಗೆದಿದ್ದು" ಎಂದಳು ರೊಜಾಲಿಯಾ. "ಅಂಥ ಚಿಂದಿ ಇಟ್ಕೊಂಡು ದೊಡ್ಡೋರ ಮುಂದೆ ಹೋಗ್ತಾಳಲ್ಲ, ಜನ ನಮ್ಮ ಮನೆ ಬಗ್ಗೆ ಏನಂದುಕೊಂಡಾರು ಅಂತ. ಒಗೀಬಾರದಿತ್ತಾ?"

"ಯಾವ ಸೋಪು ಹಾಕಿದ್ರಿ ಅತ್ತೆ?" ಶರೋಲ್ತಾಳ ದನಿ ಮೆಲ್ಲಗಿತ್ತು.

"ಯಾವ್ದು ಅಂದ್ರೆ? ನಾನೇ ಕಾಯಿಸಿದ್ದು. ಹೋದ ವರ್ಷದ ಹಂದಿ..." ಎಂದವಳು ಮಾತು ಅಲ್ಲಿಗೇ ನಿಲ್ಲಿಸಿದಳು. ಕೊಬ್ಬು ಕಾಯಿಸಿ, ಕ್ಷಾರ ಬೆರೆಸಿ, ಅಚ್ಚಿಗೆ ಹುಯ್ದು, ಅಟ್ಟದ ಮೇಲೆ ವರ್ಷವಿಡೀ ಒಣಗಿಸಿದ ಅವಳ ಸೋಪಿಗೆ ಬೀದಿಯಲ್ಲೇ ಹೆಸರಿತ್ತು. ಅದರಲ್ಲಿ ಅತಿ ಒಳ್ಳೆಯ ತುಂಡನ್ನು ತೆಗೆದು ಆ ಚಿಂದಿಗಳಿಗೆ ಹಾಕಿದ್ದಳು, ಎರಡೆರಡು ಸಾರಿ. ಬುಟ್ಟಿ ಕೆಳಗಿಟ್ಟು ಹಾವಶಿಯ ಮುಂದೆ ಹೋಗಿ ನಿಂತಳು. "ಅವಳ ಕೈಯಲ್ಲ ಸ್ವಾಮಿ. ಅವಳು ಈ ಚಳಿಗಾಲವೆಲ್ಲ ಕೊಬ್ಬು ಮುಟ್ಟಿಲ್ಲ, ನಾನು ಬೈಯ್ದದ್ದಕ್ಕೆ ಇಡೀ ಬೀದಿ ಸಾಕ್ಷಿ. ಇದು ನನ್ನ ಕೈ."

ಕೆರೆಶ್ ಏನೋ ಹೇಳಲು ಬಾಯಿ ತೆರೆದ. ರೊಜಾಲಿಯಾ ಅವನ ಕಡೆ ತಿರುಗಿದಳು. "ನೀನು ಸುಮ್ನಿರಪ್ಪಾ. ಆ ಕಾಲರು ಒಗೆದು ಗಂಜಿ ಹಾಕಿ ಕಳ್ಸಿದೋಳ್ದೂ ಅಡುಗೆಮನೆ ಕೈಯೇ."

ಹಾವಶಿ ಕೆಮ್ಮಿದ. ಆ ಕೆಮ್ಮಿನಲ್ಲಿ ನಗು ಎಷ್ಟಿತ್ತೋ ಹೇಳಲಾಗದು. "ಇನ್ನೊಂದು ಬೆಂಕಿ" ಎಂದ.

ಶರೋಲ್ತಾ ಉಕ್ಕಿನ ಮೊಳೆಯಿಂದ ಗುಳಿಬಿದ್ದ ನೀಲಿಯನ್ನು ಕೆರೆದು ತೆಗೆದಳು. ಬೆಳ್ಳಿಯನ್ನು ಬೂದಿಯಿಂದ ಉಜ್ಜಿದಳು, ಕೊನೆಗೆ ಬಾಯಿಯ ಉಗುಳನ್ನೇ ಬೆರಳಿಗೆ ತಗೊಂಡು ಒರೆಸಿದಳು. ಉಗುಳು ಜಿಡ್ಡು ಕಳೆಯುತ್ತದೆಂದು ಅಪ್ಪನ ಕಾಲದಿಂದ ಗೊತ್ತಿದ್ದ ಸಂಗತಿ. ಪುಡಿ ತುಂಬಿಯೂ ಆಯಿತು. ಆಗ ನೀರು ಹೀರುವುದಕ್ಕೆ ಬಟ್ಟೆ ಬೇಕಾಯಿತು. ಹಾವಶಿ ತನ್ನ ಕರವಸ್ತ್ರ ಚಾಚಿದ. ಅವಳು ತಲೆಯಾಡಿಸಿದಳು. ಸುತ್ತ ನೋಡಿದಳು: ಕರವಸ್ತ್ರ, ಅಂಗಿ, ಕಿಟಕಿಯ ಪರದೆ, ಬುಟ್ಟಿಯ ಮೇಲಿನ ಕಸೂತಿ.

"ಈ ಕೋಣೇಲಿರೋ ಬಟ್ಟೆಯೆಲ್ಲ ಯಾವಳೋ ಒಬ್ಬಳು ಕೊಬ್ಬಿನ ಸೋಪು ಹಾಕಿ ಒಗೆದದ್ದೇ" ಎಂದಳು. ದೂರಿನ ದನಿಯಲ್ಲ. ಲೆಕ್ಕ ಒಪ್ಪಿಸುವ ದನಿ.

ಹಾವಶಿಯ ಮೇಜಿನ ಮೇಲೆ ಮಸಿ ಹೀರುವ ಕಾಗದವಿತ್ತು. ಅದರ ಮಸಿ ಮುಟ್ಟದ ಮೂಲೆಯನ್ನು ಹರಿದುಕೊಂಡಳು. ಕಾಗದದ ಚೂರನ್ನು ತಂತಿಯ ಅಂಚಿಗೆ ತಾಗಿಸಿದರೆ ನೀರು ತಾನಾಗಿಯೇ ಏರಿ ಬಂತು, ಬಟ್ಟೆಗಿಂತ ಅಚ್ಚುಕಟ್ಟಾಗಿ. ಮುಂದೆ ಜೀವಮಾನವಿಡೀ ಅವಳು ಹಾಗೆಯೇ ಮಾಡಿದಳು. ಅವಳ ಕೈಕೆಳಗೆ ಕಲಿತವರೂ ಬಟ್ಟೆ ಮುಟ್ಟಲಿಲ್ಲ.

ಕೊಕ್ಕೆ ಕುಲುಮೆಯೊಳಗೆ ಹೋಯಿತು. ಶರೋಲ್ತಾಳ ತುಟಿ ಸದ್ದಿಲ್ಲದೆ ಅಲ್ಲಾಡಿತು. ರೊಜಾಲಿಯಾ ಕೂಡ ಕೈ ಜೋಡಿಸಿ ಗಟ್ಟಿಯಾಗಿಯೇ ಪ್ರಾರ್ಥನೆ ಶುರು ಮಾಡಿದಳು. ಆಮೆನ್ ಎಂದಳು. ಸೊಸೆ ಕದಲಲಿಲ್ಲ.

"ಆಮೆನ್ ಆಯ್ತಲ್ಲೇ! ತೆಗಿಯೇ, ಸುಟ್ಟು ಹೋದೀತು!"

"ನೀವು ಬೇಗ ಹೇಳಿದ್ರಿ ಅತ್ತೆ."

ಹೊರಗೆ ತೆಗೆದಾಗ ಕೊಕ್ಕೆ ಕೆಂಡದ ಬಣ್ಣಕ್ಕಿತ್ತು. ಬಣ್ಣಗಳು ಒಂದೊಂದಾಗಿ ಮರಳಿದವು, ಮೊದಲು ಬಿಳಿ, ಆಮೇಲೆ ಹಸಿರು. ಎಲ್ಲಕ್ಕೂ ಕೊನೆಗೆ ನೀಲಿ, ಎಲ್ಲೂ ಗುಳಿಯಿಲ್ಲದೆ, ತಂತಿಯ ಗೋಡೆಗಳ ನಡುವೆ ತುಂಬಿ ನಿಂತ ಬಾವಿಯ ನೀರಿನ ಹಾಗೆ. ಹಾವಶಿ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ. ಭೂತಗನ್ನಡಿಯನ್ನು ಕೆರೆಶ್‌ನ ಕೈಗೆ ಕೊಟ್ಟ. ಕೆರೆಶ್ ನೋಡಿದ. ಇಷ್ಟು ವರ್ಷ ವಾರ್ಕೊನಿ ಅಂಗಡಿಯ ನೀಲಿಯನ್ನು ಹೊಗಳಿದವರಲ್ಲಿ ಅವನೂ ಒಬ್ಬ.

"ಹಾಗಾದ್ರೆ ಅದೆಲ್ಲ..." ಎಂದ.

"ಹೂಂ, ಅದೆಲ್ಲ" ಎಂದಳು ಶರೋಲ್ತಾ.

ಮನೆಗೆ ಹೋಗುವ ದಾರಿಯಲ್ಲಿ ಅತ್ತೆ ಸೊಸೆ ಒಂದೇ ಬುಟ್ಟಿಯ ಎರಡು ಹಿಡಿ ಹಿಡಿದು ನಡೆದರು. ಊಟ ಯಾರೂ ಮುಟ್ಟಿರಲಿಲ್ಲ. ಅರ್ಧ ದಾರಿಯಲ್ಲಿ ರೊಜಾಲಿಯಾ, "ಇನ್ನಾದ್ರೂ ಸಾಸೇಜು ತಿಂತೀಯೋ ಇಲ್ವೋ?" ಎಂದು ಕೇಳಿದಳು. ಶರೋಲ್ತಾ ಬೀದಿಯಲ್ಲೇ ಒಂದು ತುಂಡು ಮುರಿದು, ಕೈಯಲ್ಲೇ ಹಿಡಿದು, ಎಣ್ಣೆ ಮಣಿಕಟ್ಟಿಗೆ ಇಳಿಯುವ ಹಾಗೆ ತಿಂದಳು.

ಸಂಘದಿಂದ ಅವಳ ಮುದ್ರೆಯ ಉಳಿ ಬಂದದ್ದು ಹಿಮ ಕರಗುವ ಹೊತ್ತಿಗೆ. ತುದಿಯಲ್ಲಿ ಒಂದು ಬಾತುಗರಿ, ಪಕ್ಕದಲ್ಲಿ ಅವಳ ಹೆಸರಿನ ಮೊದಲಕ್ಷರ. ಬೆರ್ತಲನ್ ಹೊಸ ಬೆಳ್ಳಿ ತಗಡನ್ನು ಅಡಿಗಲ್ಲಿನ ಮೇಲಿಟ್ಟು ಎರಡೂ ಕೈಯಿಂದ ಒತ್ತಿ ಹಿಡಿದ. ಮುದ್ರೆಯನ್ನು ಮೊದಲೇ ಹೊಡೆಯಬೇಕು. ಗಾಜು ಕರಗಿಸಿದ ಮೇಲೆ ಸುತ್ತಿಗೆ ಬಿದ್ದರೆ ಎಲ್ಲ ಬಿರುಕು.

ಶರೋಲ್ತಾ ಸುತ್ತಿಗೆ ಎತ್ತಿದವಳು ಹಾಗೇ ನಿಂತಳು. "ಕೆಲಸ ಹೇಗೆ ಬರುತ್ತೋ ಏನೋ. ಅದಕ್ಕೆ ಮುಂಚೇನೇ ಹೆಸರು ಹೊಡೀಬೇಕಲ್ಲ. ನಿನಗೆ ಭಯ ಆಗ್ತಿರಲಿಲ್ವಾ?"

ಬೆರ್ತಲನ್ ಯೋಚಿಸಿದ. ಇಷ್ಟು ವರ್ಷ ಅವನು ಇದೇ ಕಲ್ಲಿನ ಮೇಲೆ, ಬಣ್ಣ ಕಾಣದ ಬರಿಯ ತಗಡುಗಳಿಗೆ ತನ್ನ ಹೆಸರು ಹೊಡೆದು ಪರದೆಯ ಆಚೆಗೆ ಕಳಿಸಿಕೊಟ್ಟಿದ್ದ.

"ಇಲ್ಲ" ಎಂದ. "ನೀನು ಮಾಡ್ತೀಯ ಅಂತ ಗೊತ್ತಿತ್ತಲ್ಲ."

ಅವಳು ಅವನ ಮುಖವನ್ನೊಮ್ಮೆ ನೋಡಿದಳು. "ಬೆರಳು ಈಚೆ ತಗೋ" ಎಂದು, ಸುತ್ತಿಗೆ ಇಳಿಸಿದಳು.